ಭಾನುವಾರದ ಫಿಟ್ಸ್: ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆಯ ಒಂದು ಪ್ರಕರಣ

ಹುಡುಗನಿಗೆ ಆಗ 13 ವರ್ಷ, ಎಂಟನೇ ಕ್ಲಾಸು. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿ. ಕಬ್ಬು, ಭತ್ತ, ಎರಡು ಹಸು ಇರುವ ಮನೆ. ನಾಲ್ಕು ವರ್ಷದಿಂದ ಫಿಟ್ಸ್ ಬರುತ್ತಿದೆ, ಯಾವ ಮಾತ್ರೆಯೂ ಹಿಡಿಯುತ್ತಿಲ್ಲ ಅಂತ ಅಪ್ಪ ನಮ್ಮ ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದರು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಹೆಸರು, ಊರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ.

ಅಪ್ಪನ ಕೈಯಲ್ಲಿ ಒಂದು ದಪ್ಪನೆಯ ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಮೆದುಳಿನ ಎಂಆರ್‌ಐ ಫಿಲ್ಮ್, ಎರಡು ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ವರದಿ, ಬೇರೆ ಬೇರೆ ಡಾಕ್ಟರ ಚೀಟಿಗಳು. ಎಂಆರ್‌ಐ ನಾರ್ಮಲ್. ಎರಡು ಇಇಜಿಯೂ ನಾರ್ಮಲ್. ಫಿಟ್ಸ್ ತಡೆಯುವ ಮಾತ್ರೆ ಫೆನಿಟಾಯಿನ್ ಕೊಟ್ಟಿದ್ದರು, ಆಮೇಲೆ ವಾಲ್ಪ್ರೋಯೇಟ್‌ಗೆ ಬದಲಾಯಿಸಿದ್ದರು. ಎರಡನ್ನೂ ಹುಡುಗ ಸರಿಯಾಗಿ ನುಂಗಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. "ಸ್ಕ್ಯಾನ್‌ನಲ್ಲಿ ಏನೂ ಇಲ್ಲ" ಅಂತ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಮನೆಯವರು ಬೇರೆ ಥರ ಅರ್ಥ ಮಾಡಿಕೊಂಡಿದ್ದರು. ಸ್ಕ್ಯಾನಿಗೇ ಕಾಣುತ್ತಿಲ್ಲ ಅಂದ್ರೆ ಇದು ಡಾಕ್ಟರ ಕಾಯಿಲೆ ಅಲ್ಲ ಅಂತ! ಅಲ್ಲಿಂದ ಮುಂದೆ ತಾಯತ, ಯಂತ್ರ, ತಡೆ ಒಡೆಸುವುದು ಎಲ್ಲ ಆಗಿತ್ತು. ಎಡ ಮುಂಗೈ ಮೇಲೆ ಬರೆ ಹಾಕಿದ ಕಲೆಯೂ ಕಂಡಿತು.

ಆ ಕವರಿನ ತಳದಲ್ಲಿ ಇನ್ನೊಂದು ಇತ್ತು. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಹಿಂದಿನ ವರ್ಷದ ಗೋಡೆ ಕ್ಯಾಲೆಂಡರ್. ಫಿಟ್ಸ್ ಬಂದ ದಿನಕ್ಕೆಲ್ಲ ಅಪ್ಪ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಇದನ್ನು ಆಸ್ಪತ್ರೆಯಲ್ಲಿ ತೋರಿಸಿದ್ರಾ ಅಂತ ಕೇಳಿದೆ. "ತೋರಿಸಕ್ಕೆ ಓದೆ, ಅದೇನ್ ಬೇಡ ಬುಡಿ ಅಂದ್ರು ಸಾ" ಅಂದರು. ನಿಜವಾಗಿ ಆ ಕವರಿನಲ್ಲಿ ಕೆಲಸಕ್ಕೆ ಬರುವ ದಾಖಲೆ ಅಂತ ಇದ್ದದ್ದು ಅದೊಂದೇ.

ಕ್ಯಾಲೆಂಡರ್ ಬಿಡಿಸಿ ಮೇಜಿನ ಮೇಲೆ ಹರಡಿದೆವು. ಸುತ್ತುಗಳು ಹೆಚ್ಚುಕಡಿಮೆ ಎಲ್ಲ ಭಾನುವಾರದ ಕಾಲಂನಲ್ಲೇ ಇದ್ದವು. ಎಲ್ಲ ಭಾನುವಾರವೂ ಅಲ್ಲ, ತಿಂಗಳಿಗೆ ಒಂದು, ಕೆಲವು ತಿಂಗಳು ಎರಡು. ಆಚೆ ಉಳಿದದ್ದು ಮೂರು. ಯುಗಾದಿ, ಪಿತೃಪಕ್ಷದ ಅಮಾವಾಸ್ಯೆ, ದೀಪಾವಳಿಯ ನರಕ ಚತುರ್ದಶಿ. ಈ ಮೂರನ್ನು ತೋರಿಸಿಯೇ ಊರಿನ ಪೂಜಾರಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದರಂತೆ: ಅಮಾವಾಸ್ಯೆ ಎದುರು ಬದುರಿನಲ್ಲೇ ಬರುತ್ತೆ, ಇದು ಗಾಳಿಯ ಚೇಷ್ಟೆ. ಸುಮ್ನೆ ಹೇಳಿದ್ದಲ್ಲ ಅವರು. ಯುಗಾದಿ ಅಮಾವಾಸ್ಯೆಯ ಮರುದಿನ, ನರಕ ಚತುರ್ದಶಿ ಅಮಾವಾಸ್ಯೆಯ ಹಿಂದಿನ ದಿನ. ಲೆಕ್ಕ ಸರಿಯಾಗಿಯೇ ಕೂರುತ್ತದೆ.

ಆದರೆ ಆ ಮೂರು ದಿನಕ್ಕೆ ಇನ್ನೊಂದು ಲೆಕ್ಕವೂ ಇದೆ. ಮೂರೂ ತಲೆಗೆ ನೀರು ಹಾಕಿಕೊಳ್ಳಲೇಬೇಕಾದ ದಿನಗಳು. ಯುಗಾದಿಗೆ ಎಣ್ಣೆಸ್ನಾನ. ಹಿರಿಯರಿಗೆ ಎಡೆ ಇಡುವ ದಿನ ಮನೆಮಂದಿಯೆಲ್ಲ ತಲೆಗೆ ನೀರು. ದೀಪಾವಳಿಗಂತೂ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಸುಣ್ಣ ಬಳಿದು, ನೀರು ತುಂಬಿಸಿ ಪೂಜೆ ಮಾಡಿ, ಬೆಳಗಿನ ಜಾವ ಎಣ್ಣೆ ಹಚ್ಚಿ ಸುಡುಸುಡು ನೀರು ಹಾಕುತ್ತಾರೆ. ಇನ್ನು ಭಾನುವಾರ ಯಾಕೆ? ಗಂಡಸರಿಗೆ ಎಣ್ಣೆನೀರಿಗೆ ಶನಿವಾರ ಅಂತ ಹಳೆಯ ಲೆಕ್ಕ. ಆದರೆ ಸ್ಕೂಲಿಗೆ ಹೋಗೋ ಹುಡುಗನಿಗೆ ಶನಿವಾರ ಬೆಳಗಿನ ಕ್ಲಾಸು. ಅಮ್ಮನಿಗೆ ಬಿಡುವು ಸಿಗುವುದು ಭಾನುವಾರ.

"ಫಿಟ್ಸ್ ಬರುವಾಗ ಎಲ್ಲಿರ್ತಾನೆ?" ಅಂತ ಕೇಳಿದೆ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಹೇಳಿದರು: "ಬಚ್ಲುಮನೇಲೇ ಸಾ. ಅದ್ಕೇ ಬಚ್ಲುಮನೆ ದಿಕ್ಕು ಸರಿ ಇಲ್ಲ ಅಂತ ಬಾಗ್ಲು ಬದ್ಲಾಯಿಸ್ದೋ."

ಮೂಲೆ ಸರಿಯಿಲ್ಲ ಅಂತ ಬಾಗಿಲು ಒಡೆಸಿ ಇನ್ನೊಂದು ಕಡೆ ಇಡಿಸಿದ್ದರು. ಖರ್ಚು ಎಷ್ಟಾಯಿತು ಅಂತ ನಾನು ಕೇಳಲಿಲ್ಲ.

ಹಿಂದಿನ ಚೀಟಿಗಳಲ್ಲೆಲ್ಲ ಫಿಟ್ಸ್ ಎಷ್ಟು ಸಲ, ಎಷ್ಟು ನಿಮಿಷ, ನಾಲಿಗೆ ಕಚ್ಚಿಕೊಂಡನಾ, ಬಟ್ಟೆಯಲ್ಲೇ ಒಂದ ಮಾಡಿಕೊಂಡನಾ ಅಂತ ಬರೆದಿದ್ದರು. ಎಲ್ಲವೂ ಬೇಕಾದ ಪ್ರಶ್ನೆಗಳೇ. ಏನು ಮಾಡುತ್ತಿದ್ದಾಗ ಬಂತು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಕಡೆ ಮೂರ್ಛೆ ರೋಗದ ಹಿಸ್ಟರಿ ತೆಗೆಯುವ ಯಾರೇ ಆಗಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು. ಹಳೇ ಮೈಸೂರು ಭಾಗದಲ್ಲಿ ಈ ಕಾಯಿಲೆ ಅಪರೂಪದ್ದಲ್ಲ.

ಇದಕ್ಕೆ ಬಿಸಿನೀರಿನ ಅಪಸ್ಮಾರ ಅಂತ ಹೆಸರು. ತಲೆ ಮೇಲೆ ಬಿಸಿನೀರು ಸುರಿದಾಗ ಫಿಟ್ಸ್ ಬರುತ್ತದೆ. ಮಿನುಗುವ ಬೆಳಕು ನೋಡಿದಾಗ ಕೆಲವರಿಗೆ ಬರುತ್ತಲ್ಲ, ಆ ಗುಂಪಿಗೆ ಸೇರಿದ್ದು. ಜಗತ್ತಿನಲ್ಲಿ ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡ್‌ನಿಂದ. ಆಮೇಲೆ ಜಪಾನ್, ಟರ್ಕಿ, ಕೆನಡಾ ಅಂತ ಅಲ್ಲಲ್ಲಿ ಬಿಡಿ ಬಿಡಿಯಾಗಿ ಕಂಡಿದೆ. ಆದರೆ ರಾಶಿ ರಾಶಿಯಾಗಿ ಕಂಡದ್ದು ನಮ್ಮಲ್ಲೇ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. 1972ರ ಹೊತ್ತಿಗೆ ಅವರ ಬಳಿ 60 ರೋಗಿಗಳ ವಿವರ ಇತ್ತು, 1974ಕ್ಕೆ 108. ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ಅಧ್ಯಯನ ಪ್ರಕಟಿಸಿದರು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷ ಜನಕ್ಕೆ 60 ಮಂದಿಯಲ್ಲಿ ಇದು ಕಂಡಿತ್ತು. ಯಳಂದೂರಿನಲ್ಲಿ ಮನೆಮನೆಗೆ ಹೋಗಿ ನೋಡಿದಾಗ ಲಕ್ಷಕ್ಕೆ 255. ರೋಗಿಗಳಲ್ಲಿ ಗಂಡಸರೇ ಜಾಸ್ತಿ, ಶೇಕಡಾ 70ರಷ್ಟು. ಶುರುವಾಗುವುದು ಹೆಚ್ಚಾಗಿ ಬಾಲ್ಯದಲ್ಲಿ.

ಯಾಕೆ ನಮ್ಮಲ್ಲೇ? ಅರ್ಧ ಉತ್ತರ ಸ್ನಾನ ಮಾಡುವ ರೀತಿಯಲ್ಲಿದೆ. ಅದನ್ನು ಕಣ್ಣಾರೆ ನೋಡೋಣ ಅಂತ ಲ್ಯಾಬಿನ ಉದ್ದನೆಯ ಥರ್ಮಾಮೀಟರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಉಪಯೋಗವಿಲ್ಲ, ಅದು 42 ಡಿಗ್ರಿಗೇ ನಿಂತುಬಿಡುತ್ತದೆ.

ಬಚ್ಚಲುಮನೆ ಹಿತ್ತಲಿನಲ್ಲಿ ಬೇರೆಯಾಗಿಯೇ ಇತ್ತು. ತಾಮ್ರದ ಹಂಡೆ, ಕೆಳಗೆ ಒಲೆ. ಒಲೆಗೆ ತೆಂಗಿನ ಮಟ್ಟೆ, ಕಬ್ಬಿನ ರವದಿ. ಹಂಡೆಯಲ್ಲಿ ನೀರು ಮರಳುತ್ತಿತ್ತು. ಅಮ್ಮ ಬಕೆಟ್‌ಗೆ ಒಂದಿಷ್ಟು ತಣ್ಣೀರು ಹಾಕಿ, ಮೇಲೆ ಹಂಡೆ ನೀರು ಬೆರೆಸಿ, ಕೈ ಅದ್ದಿ ನೋಡಿ, ಹದ ಆಯ್ತು ಅಂದರು. ಥರ್ಮಾಮೀಟರ್ ಇಟ್ಟೆ. 47 ಡಿಗ್ರಿ. ನಾನು ಬೆರಳು ಅದ್ದಿ ತಕ್ಷಣ ತೆಗೆದೆ. ಅಮ್ಮ ನಕ್ಕರು. "ಇದೇನ್ ಬಿಸೀನಾ ಸಾ? ಉಗುರುಬೆಚ್ಚಗೈತೆ ಅಷ್ಟೆ." ಅವರ ಕೈ ನೋಡಿದೆ. ಕುಡುಗೋಲು ಹಿಡಿದು, ಒಲೆ ಮುಂದೆ ಪಾತ್ರೆ ಎತ್ತಿ ಇಳಿಸಿ ಒರಟಾದ ಅಂಗೈ. ಆ ಕೈಗೆ 47 ಡಿಗ್ರಿ ಬೆಚ್ಚಗೆ ಅನ್ನಿಸುವುದು ಸಹಜ. ಹುಡುಗನ ನೆತ್ತಿಗೆ ಅದು ಬೆಚ್ಚಗಲ್ಲ.

ಬಿಸಿ ಒಂದೇ ಅಲ್ಲ, ಸುರಿಯುವ ರೀತಿಯೂ ಮುಖ್ಯ. ಮೊದಲು ಹರಳೆಣ್ಣೆ ಹಚ್ಚಿ ತಲೆ ತಿಕ್ಕುತ್ತಾರೆ. ಆಮೇಲೆ ಸೀಗೆಪುಡಿ. ಎಣ್ಣೆ ಜಿಡ್ಡು ಬಿಡಬೇಕಲ್ಲ, ಅದಕ್ಕೆ ನೀರು ಬಿಸಿಯಾಗಿಯೇ ಇರಬೇಕು, ಜಾಸ್ತಿಯೂ ಬೇಕು. ಹುಡುಗ ಮಣೆ ಮೇಲೆ ತಲೆ ಬಗ್ಗಿಸಿ ಕೂತರೆ ಚೊಂಬಿನ ಮೇಲೆ ಚೊಂಬು, ಉಸಿರಾಡಲೂ ಬಿಡುವು ಕೊಡದೆ ಸುರಿಯುತ್ತಾರೆ. ನೆತ್ತಿ ಒಂದೇ ಸಮ ಬಿಸಿಯಾಗುತ್ತದೆ. ಸಂಶೋಧಕರು 40ರಿಂದ 50 ಡಿಗ್ರಿ ನೀರು, ವೇಗವಾಗಿ, ತಲೆ ಮೇಲೆ ಅಂತ ಬರೆದಿರುವುದು ಇದನ್ನೇ. ಷವರ್‌ನ ಕೆಳಗೆ ನಿಲ್ಲುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಮೈಗೆ ಮಾತ್ರ ಎಷ್ಟೇ ಬಿಸಿನೀರು ಹಾಕಿಕೊಂಡರೂ ಈ ಹುಡುಗನಿಗೆ ಏನೂ ಆಗುತ್ತಿರಲಿಲ್ಲ. ದಿನಾ ಸ್ನಾನ ಮಾಡುತ್ತಿದ್ದ, ಫಿಟ್ಸ್ ಬರುತ್ತಿದ್ದದ್ದು ತಲೆಗೆ ಹಾಕಿದ ದಿನ ಮಾತ್ರ.

ಬಚ್ಚಲುಮನೆಯಲ್ಲಿ ಇನ್ನೊಂದನ್ನೂ ನೋಡಬೇಕಿತ್ತು. ಮುಚ್ಚಿದ ಕೋಣೆಯಲ್ಲಿ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಜ್ಞೆ ತಪ್ಪಬಹುದು, ಫಿಟ್ಸೂ ಬರಬಹುದು. ಪಟ್ಟಣಗಳಲ್ಲಿ ಕಿಟಕಿ ಇಲ್ಲದ ಬಾತ್‌ರೂಮಿಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡು ಎಷ್ಟೋ ಜನ ಹೀಗೆ ಸತ್ತಿದ್ದಾರೆ. ಬಚ್ಚಲಲ್ಲಿ ಬಿದ್ದರು ಅಂತ ಯಾರೇ ಬಂದರೂ ಇದು ತಲೆಯಲ್ಲಿರಲೇಬೇಕು. ಇಲ್ಲಿ ಗೋಡೆಗೂ ಹೆಂಚಿಗೂ ನಡುವೆ ಒಂದು ಗೇಣು ಸಂದಿ ಇತ್ತು, ಹೊಗೆ ಸಲೀಸಾಗಿ ಹೋಗುತ್ತಿತ್ತು. ಅವನಿಗಿಂತ ಹೆಚ್ಚು ಹೊತ್ತು ಒಲೆ ಮುಂದೆ ಕೂರುವ ಅಮ್ಮನಿಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲ. ಬಿಸಿನೀರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳುವುದೂ ಉಂಟು. ಆದರೆ ಅಂಥವರು ಎದ್ದು ನಿಂತಾಗ ಬಿಳುಚಿಕೊಂಡು ಬೀಳುತ್ತಾರೆ, ಮಲಗಿಸಿದರೆ ಬೇಗ ಸರಿಹೋಗುತ್ತಾರೆ. ಇವನಿಗೆ ಆಗುತ್ತಿದ್ದದ್ದು ಕೂತಲ್ಲೇ.

ಅಪ್ಪ ಮೊಬೈಲಲ್ಲಿ ವಿಡಿಯೋ ಮಾಡಿಟ್ಟಿದ್ದರು. ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹುಡುಗ ನೀರು ಸುರಿದುಕೊಳ್ಳುತ್ತಿದ್ದಾನೆ. ಇದ್ದಕ್ಕಿದ್ದಂತೆ ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಹೆಸರು ಕೂಗಿದರೆ ತಿರುಗುವುದಿಲ್ಲ. ತುಟಿ ಚಪ್ಪರಿಸಲು ಶುರು ಮಾಡುತ್ತಾನೆ. ಎಡಗೈ ಸೊಂಟದ ಉಡಿದಾರವನ್ನು ಎಳೆಯುತ್ತಿರುತ್ತದೆ. ಬಲಗೈ? ಅದು ಇನ್ನೂ ನೀರು ಸುರಿಯುತ್ತಲೇ ಇದೆ! ಚೊಂಬು ಬಕೆಟ್‌ಗೆ ಹೋಗುತ್ತದೆ, ತುಂಬಿಕೊಳ್ಳುತ್ತದೆ, ತಲೆಗೆ ಬರುತ್ತದೆ. ಅರ್ಧ ನಿಮಿಷ ಹೀಗೇ. ಆಮೇಲೆ ಒಂದು ಪಕ್ಕಕ್ಕೆ ವಾಲಿ ಬೀಳುತ್ತಾನೆ, ಕೈಕಾಲು ಸೆಟೆದು ಅದುರುತ್ತವೆ. ಅಷ್ಟರಲ್ಲಿ ಯಾರೋ ಓಡಿಬಂದು ಕೈಗೆ ಬೀಗದ ಕೈ ತುರುಕುತ್ತಾರೆ, ವಿಡಿಯೋ ಅಲ್ಲಾಡಿ ನಿಲ್ಲುತ್ತದೆ.

ಪ್ರಜ್ಞೆ ಮಸುಕಾಗಿದ್ದರೂ ಕೈ ತನ್ನ ಪಾಡಿಗೆ ಕೆಲಸ ಮಾಡುವುದು ಮೆದುಳಿನ ಒಂದು ಭಾಗದಿಂದ ಹೊರಡುವ ಫಿಟ್ಸ್‌ನ ಗುರುತು. ತುಟಿ ಚಪ್ಪರಿಸುವುದು, ಬಟ್ಟೆ ಎಳೆಯುವುದು ಹೆಚ್ಚಾಗಿ ಕಿವಿಯ ಮೇಲ್ಭಾಗದಲ್ಲಿರುವ ಟೆಂಪೊರಲ್ ಹಾಲೆಯ ಕಡೆ ಬೊಟ್ಟು ಮಾಡುತ್ತದೆ. ಅಲ್ಲಿಂದ ಇಡೀ ಮೆದುಳಿಗೆ ಹರಡಿದರೆ ಮೈಯೆಲ್ಲ ಅದುರುತ್ತದೆ. ಫಿಟ್ಸ್ ಇಲ್ಲದಾಗ ಇಇಜಿ ತೆಗೆದರೆ ಇಂಥವರಲ್ಲಿ ಬಹುಪಾಲು ಜನಕ್ಕೆ ನಾರ್ಮಲ್ಲೇ ಬರುತ್ತದೆ, ವ್ಯತ್ಯಾಸ ಕಾಣುವುದು ಶೇಕಡಾ 15–20 ಮಂದಿಯಲ್ಲಿ. ಎಂಆರ್‌ಐಯಲ್ಲೂ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಹಾಗಾಗಿ ಹಳೆಯ ವರದಿಗಳು ತಪ್ಪಾಗಿರಲಿಲ್ಲ. ಅವುಗಳಿಂದ ಸಿಗುವ ಕಾಯಿಲೆಯೇ ಅಲ್ಲ ಇದು.

ಹುಡುಗನ ಜೊತೆ ಒಬ್ಬನೇ ಇದ್ದಾಗ ಮಾತಾಡಬೇಕು ಅನ್ನಿಸಿತು. ಅಪ್ಪ ಅಮ್ಮನನ್ನು ಟೀ ಕುಡಿದು ಬನ್ನಿ ಅಂತ ಕಳಿಸಿದೆ. ಬಚ್ಚಲಲ್ಲಿ ತುಂಬಾ ಹೊತ್ತು ಇರ್ತೀಯಂತೆ, ಅದಕ್ಕೇ ಏಟೂ ತಿಂದಿದ್ದೀಯಂತೆ, ಯಾಕೆ ಅಂದೆ. ತಲೆ ತಗ್ಗಿಸಿ ಕೂತ. ಆಮೇಲೆ ಮೆಲ್ಲಗೆ ಹೇಳಿದ: "ನೀರು ಬಿದ್ದೇಟ್ಗೆ ಒಂಥರಾ ಆಯ್ತದೆ ಸಾರ್. ಖುಸಿ ಆಯ್ತದೆ. ಇನ್ನೂ ಉಯ್ಕಳನ ಅನ್ನುಸ್ತದೆ. ನಿಲ್ಸಕ್ಕೇ ಆಗಲ್ಲ. ಆಮೇಲೆ ಏನಾಯ್ತು ಗೊತ್ತಾಗಲ್ಲ."

ಈ ಮಾತನ್ನು ನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬೇಕು ಅಂತಲೇ ಮಾಡ್ತಾನೆ ಅಂತ ಇನ್ನೆರಡು ಬೀಳುತ್ತಿದ್ದವು. ಆದರೆ ಇದು ತುಂಟತನ ಅಲ್ಲ. ಬಿಸಿನೀರಿನ ಅಪಸ್ಮಾರ ಇರುವವರಲ್ಲಿ ಶೇಕಡಾ 5ರಿಂದ 10ರಷ್ಟು ಜನ ಇದನ್ನೇ ಹೇಳುತ್ತಾರೆ. ಫಿಟ್ಸ್ ಶುರುವಾಗುವ ಹೊತ್ತಿಗೆ ತಡೆಯಲಾಗದ ಒಂದು ಸುಖ, ಆ ಸುಖಕ್ಕೆ ಮತ್ತೆ ಮತ್ತೆ ನೀರು ಸುರಿದುಕೊಳ್ಳುವುದು, ಪ್ರಜ್ಞೆ ತಪ್ಪುವ ತನಕ. ಆ ಸುಖವೇ ಫಿಟ್ಸ್‌ನ ಮೊದಲ ಭಾಗ. ಇದನ್ನು ಚಟ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ, ಬೈದು ಬಿಡಿಸುವ ವಿಷಯ ಅಲ್ಲವೇ ಅಲ್ಲ. ಹಾಗಂತ ಹೋಗಲಿ ಅಂತ ಬಿಡುವಂತೆಯೂ ಇಲ್ಲ. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಬಿಸಿನೀರು ಸುರಿದು ಪ್ರಯೋಗ ಮಾಡಿದ್ದಾರೆ. ಮತ್ತೆ ಮತ್ತೆ ಸುರಿದಂತೆ ಫಿಟ್ಸ್ ಮೊದಲಿಗಿಂತ ಸುಲಭವಾಗಿ ಬರತೊಡಗುತ್ತದೆ. ಕಾಲುದಾರಿ ತುಳಿದಷ್ಟೂ ಸವೆದು ಅಗಲವಾಗುವಂತೆ. ಮನುಷ್ಯರಲ್ಲೂ ಶೇಕಡಾ 16ರಿಂದ 38ರಷ್ಟು ಜನಕ್ಕೆ ಮುಂದೆ ನೀರಿನ ಸಂಬಂಧವೇ ಇಲ್ಲದೆ ಫಿಟ್ಸ್ ಬರುತ್ತದೆ ಅಂತ ಲೆಕ್ಕ ಇದೆ.

ಮೆದುಳಿನೊಳಗೆ ಏನಾಗುತ್ತದೆ ಅನ್ನುವುದಕ್ಕೆ ಸದ್ಯಕ್ಕೆ ಇರುವುದು ಊಹೆ. ಮೈಯ ಬಿಸಿಯನ್ನು ಹಿಡಿತದಲ್ಲಿಡುವ ಹೈಪೋಥಲಾಮಸ್ ಇವರಲ್ಲಿ ಸ್ವಲ್ಪ ಸೂಕ್ಷ್ಮ, ಬಿಸಿ ಸರ್ರನೆ ಏರಿದಾಗ ಅದನ್ನು ಸಂಭಾಳಿಸಲಾಗುವುದಿಲ್ಲ ಅಂತ. ಚಿಕ್ಕಂದಿನಲ್ಲಿ ಜ್ವರಕ್ಕೆ ಫಿಟ್ಸ್ ಬಂದವರು ಈ ರೋಗಿಗಳಲ್ಲಿ ಶೇಕಡಾ 11ರಿಂದ 27 ಇರುವುದೂ ಈ ಊಹೆಗೆ ಹೊಂದುತ್ತದೆ. ನಮ್ಮ ಹುಡುಗನಿಗೂ ಎರಡು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಒಂದು ಸಲ ಬಂದಿತ್ತಂತೆ.

ಮನೆಯಲ್ಲಿ ಬೇರೆ ಯಾರಿಗಾದರೂ ಫಿಟ್ಸ್ ಇದೆಯಾ ಅಂತ ಮೊದಲ ದಿನ ಕೇಳಿದಾಗ ಯಾರಿಗೂ ಇಲ್ಲ ಅಂದಿದ್ದರು. ಪ್ರಶ್ನೆ ಬದಲಾಯಿಸಿದೆ. ಮನೆಯಲ್ಲಿ ಯಾರಾದರೂ ತಲೆಗೆ ಬಿಸಿನೀರು ಹಾಕಿಕೊಳ್ಳದವರು ಇದ್ದಾರಾ? ಅಮ್ಮ ನಗುತ್ತಾ ತನ್ನ ಅಣ್ಣನ ಕಥೆ ಹೇಳಿದರು. ಹುಡುಗನ ಸೋದರಮಾವ. ವಯಸ್ಸು ಐವತ್ತರ ಹತ್ತಿರ. ಚಳಿಗಾಲದಲ್ಲೂ ನಾಲೆಯಲ್ಲೇ ಸ್ನಾನ. ಮದುವೆ ದಿನವೂ ಎಣ್ಣೆನೀರಿಗೆ ಕೂರಲಿಲ್ಲ ಅಂತ ಊರೆಲ್ಲ ಆಡಿಕೊಂಡಿತ್ತಂತೆ. ಶಿಸ್ತಿನ ಮನುಷ್ಯ ಅಂತ ಕೆಲವರು, ತಿಕ್ಕಲು ಅಂತ ಕೆಲವರು.

ಮುಂದಿನ ಸಲ ಸೋದರಮಾವನೇ ಹುಡುಗನನ್ನು ಕರೆದುಕೊಂಡು ಬಂದರು. ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದಿದ್ದರಂತೆ, ಒಂದಲ್ಲ ಹಲವು ಸಲ. ಯಾಕೆ ಅಂತ ತಮಗೆ ತಾವೇ ಕಂಡುಕೊಂಡು ಬಿಸಿನೀರು ಬಿಟ್ಟರು. ಆಮೇಲೆ ಬರಲಿಲ್ಲ. "ಹೇಳಿದ್ರೆ ಹೆಣ್ಣು ಯಾರ್ ಕೊಟ್ಟಾರು ಸಾ?" ಅಂದರು. ತಮ್ಮ ಕಾಯಿಲೆಗೆ ತಾವೇ ಸರಿಯಾದ ಮದ್ದು ಹುಡುಕಿ, ಅದನ್ನು ಮೂವತ್ತು ಚಿಲ್ಲರೆ ವರ್ಷ ಗುಟ್ಟಾಗಿಟ್ಟ ಮನುಷ್ಯ. ಅದೇ ಗುಟ್ಟಿನಿಂದ ಅಳಿಯನಿಗೆ ಬರೆ ಬಿತ್ತು. ಕೋಪ ಬರಬೇಕಿತ್ತೇನೋ, ಬರಲಿಲ್ಲ. ಅವರ ಕಷ್ಟವೂ ಸುಳ್ಳಲ್ಲ.

ಈ ರೋಗಿಗಳಲ್ಲಿ ಶೇಕಡಾ 7ರಿಂದ 22 ಜನರ ಮನೆಯಲ್ಲಿ ಇನ್ನೊಬ್ಬರಿಗೂ ಇದು ಇರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ಜೊತೆ ಸೇರಿ ಇಂಥ ಕುಟುಂಬಗಳ ರಕ್ತ ಪರೀಕ್ಷಿಸಿ, 10ನೇ ಮತ್ತು 4ನೇ ಕ್ರೋಮೋಸೋಮ್‌ಗಳಲ್ಲಿ ಇದಕ್ಕೆ ಸಂಬಂಧಿಸಿದ ಜಾಗಗಳನ್ನು ಗುರುತಿಸಿದ್ದಾರೆ. ಹಾಗಾಗಿ ಸ್ನಾನದ ರೀತಿ ಅರ್ಧ ಉತ್ತರ ಆದರೆ ಉಳಿದರ್ಧ ವಂಶದಲ್ಲಿದೆ. ಅದೇ ಹಂಡೆ ನೀರು ಹುಡುಗನ ಅಕ್ಕನಿಗೆ ಏನೂ ಮಾಡಿಲ್ಲ.

ಚಿಕಿತ್ಸೆ ಅಂತ ಬಂದಾಗ ಮನೆಯವರ ಮೊದಲ ಯೋಚನೆ, ಇವನೂ ಮಾವನ ಥರ ನಾಲೆಗೇ ಹೋಗಲಿ ಅಂತ. ಬೇಡವೇ ಬೇಡ ಅಂದೆ. ನಾಲೆಯ ಸೆಳೆತ ಈಜು ಬರುವವರನ್ನೇ ಎಳೆದುಕೊಂಡು ಹೋಗುತ್ತದೆ. ಫಿಟ್ಸ್ ಇನ್ನೂ ಹಿಡಿತಕ್ಕೆ ಬಾರದ ಹುಡುಗ ಅಲ್ಲಿ ಒಂದು ಅರ್ಧ ನಿಮಿಷ ಮೈಮರೆತರೂ ಮುಗಿಯಿತು. ಸೋದರಮಾವ ಬಚಾವಾದದ್ದು ಅದೃಷ್ಟ ಅಂತಲೇ ನಾನು ತಿಳಿದಿದ್ದೇನೆ.

ನೀರಿನ ಬಿಸಿ ಇಳಿಸುವುದು ಮೊದಲ ಕೆಲಸ. ಮೈ ಬಿಸಿಯಷ್ಟೇ ಇರಲಿ, ಅಮ್ಮ ಅಂಗೈಯಿಂದ ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಕೂಸಿಗೆ ನೀರು ಹಾಕುವಾಗ ನೋಡ್ತೀರಲ್ಲ ಹಾಗೆ ಅಂದ ತಕ್ಷಣ ಅವರಿಗೆ ಅರ್ಥವಾಯಿತು. ಮೊದಲು ಮೈಗೆ, ಕೊನೆಗೆ ತಲೆಗೆ. ತಲೆಗೆ ಒಂದೇ ಸಮ ಸುರಿಯುವಂತಿಲ್ಲ, ಒಂದು ಚೊಂಬು ಹಾಕಿ ನಿಲ್ಲಿಸಿ ತಿಕ್ಕಿ ಆಮೇಲೆ ಇನ್ನೊಂದು. ಹರಳೆಣ್ಣೆ ಬಿಟ್ಟರೆ ಇನ್ನೂ ಒಳ್ಳೆಯದು, ಆಗ ಇಷ್ಟೊಂದು ನೀರೇ ಬೇಕಾಗುವುದಿಲ್ಲ. ಚಿಲಕ ಹಾಕಬಾರದು. ಮಣೆ ಒಲೆಯಿಂದ ದೂರ ಇರಬೇಕು. ಈ ಕೊನೆಯದನ್ನು ಒತ್ತಿ ಹೇಳಿದೆ. ಫಿಟ್ಸ್ ಬಂದಾಗ ಒಲೆಗೋ ಹಂಡೆಗೋ ಬಿದ್ದು ಆಗುವ ಸುಟ್ಟಗಾಯ ಫಿಟ್ಸ್‌ಗಿಂತ ಕೆಟ್ಟದ್ದು.

ಇಷ್ಟರಿಂದಲೇ ಕೆಲವರಿಗೆ ನಿಂತುಹೋಗುತ್ತದೆ. ಆದರೆ ನೀರು ಸುರಿದುಕೊಳ್ಳುವ ಆಸೆಯನ್ನೇ ತಡೆಯಲಾಗದ ಹುಡುಗನಿಗೆ ಇಷ್ಟೇ ಸಾಲದು ಅನ್ನಿಸಿ ಬೆಂಗಳೂರಿನ ನರರೋಗ ತಜ್ಞರೊಬ್ಬರಿಗೆ ಕಳಿಸಿದೆ. ಅವರು ರೋಗದ ಹೆಸರನ್ನು ಖಚಿತ ಮಾಡಿ, ಕ್ಲೋಬಜಾಮ್ ಬರೆದರು. ಇದನ್ನು ದಿನಾ ನುಂಗಬೇಕಿಲ್ಲ. ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು. ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ ಕೊಡುತ್ತಾರೆ, ಎಷ್ಟು ಅನ್ನುವುದನ್ನು ಡಾಕ್ಟರೇ ನಿರ್ಧರಿಸಬೇಕು. ಆ ದಿನ ಸ್ವಲ್ಪ ತೂಕಡಿಕೆ ಇರುತ್ತದೆ. ಮೂರ್ಛೆ ರೋಗ ಅಂದ್ರೆ ವರ್ಷಗಟ್ಟಲೆ ಮಾತ್ರೆ ಅಂತ ನಂಬಿದ್ದ ಅಪ್ಪನಿಗೆ ಇದು ನಂಬಲಾಗದ ಸುದ್ದಿ. "ವಾರಕ್ಕೊಂದಾ? ಅಷ್ಟೇನಾ?" ಅಂತ ಎರಡು ಸಲ ಕೇಳಿದರು.

ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಮನೆಮಂದಿಗೆಲ್ಲ ತೋರಿಸಿಕೊಟ್ಟೆ. ನೀರು ನಿಲ್ಲಿಸಿ, ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಬಟ್ಟೆ ಇಡಿ. ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಎತ್ತಿಕೊಂಡು ಓಡಿ. ಬೀಗದ ಕೈ ವಿಷಯಕ್ಕೆ ಜಗಳ ಆಡಲಿಲ್ಲ. ಅದರಿಂದ ಉಪಯೋಗವೂ ಇಲ್ಲ, ಅದಕ್ಕಿಂತ ಮುಖ್ಯ ಅದನ್ನು ಹುಡುಕಲು ಒಳಗೆ ಓಡುವವರು ಹುಡುಗನನ್ನು ಒಂಟಿ ಬಿಟ್ಟು ಹೋಗುತ್ತಾರೆ ಅಂದೆ. ಆ ಮಾತು ನಾಟಿತು.

ಆಮೇಲಿನ ಹತ್ತು ಹನ್ನೊಂದು ತಿಂಗಳು ಬಚ್ಚಲಲ್ಲಿ ಒಂದೇ ಸಲ ಬಂತು, ಅದೂ ನೆಂಟರ ಮನೆಯಲ್ಲಿ, ಮಾತ್ರೆ ಮರೆತ ದಿನ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಒಂದು ಸಂಜೆ, ಟಿವಿ ಮುಂದೆ ಕೂತಿದ್ದಾಗ, ಕಣ್ಣು ನೆಟ್ಟು ತುಟಿ ಚಪ್ಪರಿಸಲು ಶುರು ಮಾಡಿದ. ನೀರಿಲ್ಲ, ಬಿಸಿಯಿಲ್ಲ. ಮೂರು ವಾರ ಬಿಟ್ಟು ಇನ್ನೊಮ್ಮೆ. ಮನೆಯಲ್ಲಿ ಮತ್ತೆ ಪೂಜಾರಪ್ಪನ ಮಾತು ಎದ್ದಿತು. ಹೀಗಾಗಬಹುದು ಅಂತ ಮೊದಲೇ ಹೇಳಿಟ್ಟಿದ್ದರಿಂದ ಅಪ್ಪ ಈ ಸಲ ನೇರವಾಗಿ ನಮ್ಮಲ್ಲಿಗೇ ಬಂದರು. ತಜ್ಞರು ಕಾರ್ಬಮಜೆಪಿನ್ ಶುರು ಮಾಡಿದರು. ಇದು ದಿನಾ ತೆಗೆದುಕೊಳ್ಳುವ ಮಾತ್ರೆ. ಮೈಮೇಲೆ ಗುಳ್ಳೆ, ಕೆಂಪು ದದ್ದು ಎದ್ದರೆ ತಕ್ಷಣ ಬಂದು ತೋರಿಸಬೇಕು ಅಂತಲೂ ಹೇಳಿದರು. ವಾರಕ್ಕೊಂದು ಮಾತ್ರೆಯ ಸಂತೋಷ ಹೋಯಿತು, ಪಾಪ. ಆದರೆ ಈ ಸಲ ಹುಡುಗ ಒಂದು ದಿನವೂ ತಪ್ಪಿಸಿಲ್ಲ. ಕ್ಯಾಲೆಂಡರ್ ಈಗ ಅವನ ಕೈಗೆ ಬಂದಿದೆ. ಮಾತ್ರೆ ನುಂಗಿದ ದಿನಕ್ಕೆಲ್ಲ ನೀಲಿ ಪೆನ್ನಲ್ಲಿ ಟಿಕ್ ಹಾಕುತ್ತಾನೆ. ಅದಾದ ಮೇಲೆ ಬಚ್ಚಲಲ್ಲೂ ಬಂದಿಲ್ಲ, ಹೊರಗೂ ಬಂದಿಲ್ಲ.

ನಡುವೆ ಅಪ್ಪ ಒಂದು ದಿನ ಒಬ್ಬರೇ ಬಂದಿದ್ದರು. ಮಗಳಿಗೆ ಗಂಡು ನೋಡುತ್ತಿದ್ದಾರೆ. ತಮ್ಮನಿಗೆ ಮೂರ್ಛೆ ರೋಗ ಅಂತ ಗೊತ್ತಾದರೆ ಸಂಬಂಧ ನಿಲ್ಲುತ್ತಾ, ಮುಚ್ಚಿಟ್ಟರೆ ನಾಳೆ ಕೋರ್ಟು ಕಚೇರಿ ಅಂತ ಆಗುತ್ತಾ ಅನ್ನುವ ಚಿಂತೆ. ಮಗಳಿಗೆ ಕಾಯಿಲೆಯೇ ಇಲ್ಲ, ಅಲ್ವಾ, ಅಂದೆ. ಕಾನೂನಿನ ಮಾತೂ ಹೇಳಿದೆ. ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳ ಪಟ್ಟಿಯಲ್ಲಿ ಅಪಸ್ಮಾರವೂ ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಹುಡುಗನ ಮದುವೆಗೇ ಕಾನೂನಿನ ಅಡ್ಡಿಯಿಲ್ಲ ಅಂದ ಮೇಲೆ ಅಕ್ಕನದ್ದೇನು? ಊರಿನ ಬಾಯಿಗೆ ಯಾವ ತಿದ್ದುಪಡಿಯೂ ತಟ್ಟುವುದಿಲ್ಲ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಗಂಡಿನ ಮನೆಯವರು ಬಂದರೆ ಕರೆದುಕೊಂಡು ಬನ್ನಿ, ನಾನೇ ಮಾತಾಡ್ತೀನಿ ಅಂದೆ. ಬಂದರು. ಗಂಡಿನ ಅಮ್ಮ ಕೇಳಿದ ಪ್ರಶ್ನೆ ಒಂದೇ: "ನಮ್ಮನೇಲೂ ಒಂದ್ ಐದ ಬಚ್ಲಲ್ಲಿ ಬೀಳ್ತಾನೆ, ಅದೂ ಇದೇನಾ?" ಆ ಹುಡುಗನನ್ನೂ ಕಳಿಸಿಕೊಟ್ಟಿದ್ದಾರೆ, ಅವನ ಪರೀಕ್ಷೆ ಇನ್ನೂ ನಡೆಯುತ್ತಿದೆ.

ನಮ್ಮ ಹುಡುಗ ಈಗ ಪಿಯುಸಿಗೆ ಮೈಸೂರಿಗೆ ಹೊರಟಿದ್ದಾನೆ, ಹಾಸ್ಟೆಲ್. ಅಲ್ಲಿ ಸೋಲಾರ್ ನೀರು. ಬೇಸಿಗೆ ಮಧ್ಯಾಹ್ನ ಆ ನಲ್ಲಿಯಲ್ಲಿ 60 ಡಿಗ್ರಿ ನೀರು ಬಂದರೂ ಆಶ್ಚರ್ಯವಿಲ್ಲ, ಬೆರೆಸಿಕೊಡಲು ಅಮ್ಮನೂ ಇರುವುದಿಲ್ಲ. ವಾರ್ಡನ್‌ಗೆ ಒಂದು ಕಾಗದ ಬರೆದುಕೊಟ್ಟಿದ್ದೇನೆ. ಬಕೆಟ್‌ಗೆ ಮೊದಲು ತಣ್ಣೀರು, ಚಿಲಕ ಬೇಡ, ತಲೆಸ್ನಾನದ ದಿನ ರೂಮಿನ ಗೆಳೆಯನೊಬ್ಬ ಹೊರಗೆ ನಿಂತಿರಲಿ. ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದರೆ ಕಾರ್ಬಮಜೆಪಿನ್ ಇಳಿಸುವ ಬಗ್ಗೆ ಯೋಚಿಸೋಣ ಅಂತ ತಜ್ಞರು ಹೇಳಿದ್ದಾರೆ. ಗೆಳೆಯರಿಗೆ ಹೇಳೋದಾ ಬೇಡವಾ ಅಂತ ಹುಡುಗ ಕೇಳಿದ. ರೂಮಲ್ಲಿರುವ ಇಬ್ಬರಿಗೆ ಹೇಳು, ಉಳಿದವರಿಗೆ ನಿನ್ನಿಷ್ಟ ಅಂದೆ.